ಕಿಟಕಿಯ ಹೆಬ್ಬೆಟ್ಟು

ಅವನು ಪಾಠ ಕೇಳಲು ಬಂದವನಲ್ಲ ಎಂದು ಫೀನಾಗೆ ತಿಳಿಯುವಷ್ಟರಲ್ಲಿ ಅರ್ಧ ತರಗತಿ ಮುಗಿದಿತ್ತು.

ಡಚ್ಚರ ದೇಶದ ಲೈಡನ್ ಊರಿನ ಕಾಲುವೆಯ ಪಕ್ಕದ ಹಳೆಯ ಕಟ್ಟಡ. ಶನಿವಾರ ಬೆಳಗ್ಗೆ ಹತ್ತಕ್ಕೆ ಯಾರು ಬೇಕಾದರೂ ಬಂದು ಕೂರಬಹುದಾದ ಪಾಠ ಅದು. 'ವಸಾಹತೋತ್ತರ ಅಧ್ಯಯನದ ಮುಖ್ಯ ಪರಿಕಲ್ಪನೆಗಳು' ಎಂದು ಫೀನಾ ಬಾಗಿಲಿಗೆ ಹಾಳೆ ಅಂಟಿಸಿದ್ದಳು. ಅದನ್ನು ಓದಿಯೂ ಒಳಗೆ ಕಾಲಿಡುವ ಧೈರ್ಯ ಮಾಡಿದವರು ಹನ್ನೊಂದು ಜನ. ಅವರಲ್ಲಿ ಏಳು ಮಂದಿ ನಿವೃತ್ತರು. ಇಬ್ಬರು ಹೀಟರ್ ಪಕ್ಕದ ಜಾಗಕ್ಕಾಗಿಯೇ ಬರುವವರು. ಹನ್ನೆರಡನೆಯವನಾಗಿ ಇವನು ಬಂದು ಬಾಗಿಲಲ್ಲಿ ನಿಂತಾಗ ಅವಳು ಸರಿಯಾಗಿ ನೋಡದೆ, "ತಡವಾಗಿ ಬಂದವರು ಸದ್ದಿಲ್ಲದೆ ಕೂತ್ಕೊಳ್ಳಿ" ಅಂದಿದ್ದಳು. ಅವನು ಸದ್ದಿಲ್ಲದೆ ಹಿಂದಿನ ಬೆಂಚಿನಲ್ಲಿ ಕುಳಿತ.

ಗೋಡೆಯ ಮೇಲೆ ಒಂದು ಹಳೆಯ ಫೋಟೋ ಮೂಡಿತ್ತು. 1951ರ ಚಳಿಗಾಲ, ರಾಟರ್‌ಡ್ಯಾಂ ಬಂದರು, ಹಡಗಿನಿಂದ ಇಳಿಯುತ್ತಿರುವ ಕಂದು ಮೈಬಣ್ಣದ ಸಿಪಾಯಿ, ಅವನ ಹಿಂದೆ ಹೆಂಡತಿ.

"ಇಲ್ಲಿ ನೋಡ್ತಿರೋರು ಯಾರು, ನೋಡಿಸ್ಕೊಳ್ತಿರೋರು ಯಾರು?" ಎಂದಳು ಫೀನಾ. "ಆಳುವವನ ನೋಟ ಅಂತ ನಾವು ಕರೆಯೋದು ಇದನ್ನೇ. ಹಿಂದಿನ ಬೆಂಚಿನವರು ಹೇಳಿ. ನಿಮಗೆ ಮೊದಲು ಏನು ಕಾಣುತ್ತೆ?"

"ಕೋಟು."

"ಕೋಟಾ?"

"ಎರಡು ಸೈಜು ದೊಡ್ಡದು. ನಮ್ಮ ಓಪಾಗೂ ಇಂಥದ್ದೇ ಕೊಟ್ಟಿದ್ರು, ನಮ್ಮಪ್ಪನ ಅಪ್ಪನಿಗೆ. ಇಲ್ಲಿನ ಗಂಡಸರ ಅಳತೆಗೆ ಹೊಲಿದಿದ್ದು. ಸಾಯೋವರೆಗೂ ತೋಳು ಮಡಚಿಕೊಂಡೇ ಹಾಕ್ಕೋತಿದ್ರಂತೆ."

ನಾಲ್ಕು ವರ್ಷದಿಂದ ಆ ಫೋಟೋ ತೋರಿಸುತ್ತಿದ್ದ ಫೀನಾಗೆ ಆ ತೋಳುಗಳು ಅವತ್ತೇ ಮೊದಲು ಕಂಡಿದ್ದು.

"ಇನ್ನೊಂದು ಮಾತು ಮೇಡಂ," ಎಂದು ಅವನು ಎದ್ದು ನಿಂತ. ಕೈಯಲ್ಲಿ ಉದ್ದದ ಅಳತೆಪಟ್ಟಿ ಇತ್ತು. "ನಾನು ಕಿಟಕಿ ಗಾಜು ಹಾಕೋಕೆ ಬಂದವನು. ನೀವು ಕೂತ್ಕೊಳ್ಳಿ ಅಂದ್ರಿ. ಕೂತೆ."

ನಿವೃತ್ತರು ಹೊಟ್ಟೆ ಹಿಡಿದು ನಕ್ಕರು. ಫೀನಾ ಕಿವಿಯವರೆಗೂ ಕೆಂಪಾದಳು. ಅವನೊಬ್ಬ ಮಾತ್ರ ನಗಲಿಲ್ಲ. ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದ, ಮತ್ತು ಅದನ್ನು ಅವಳು ನೋಡಿದಳು.

ಪಾಠ ಮುಗಿದ ಮೇಲೆ ಅವನು ಒಡೆದ ಗಾಜು ತೆಗೆದು ಹೊಸದನ್ನು ಕೂರಿಸಿದ. ಚೌಕಟ್ಟಿನ ಸುತ್ತ ಗಾಜು ಹಿಡಿದಿಡುವ ಹಿಟ್ಟಿನಂಥ ಪುಟ್ಟಿ ಮೆತ್ತುವುದನ್ನು ಅವಳು ಪುಸ್ತಕ ಜೋಡಿಸುವ ನೆಪದಲ್ಲಿ ನೋಡುತ್ತ ನಿಂತಳು. ಹಸಿ ಪುಟ್ಟಿ ಕಂಡರೆ ಮುಟ್ಟದೆ ಇರುವವರು ಯಾರು? ಮುಟ್ಟಿದಳು.

"ಅಯ್ಯೋ, ಮುಟ್ಟಬೇಡಿ! ಹೆಬ್ಬೆಟ್ಟು ಮೂಡುತ್ತೆ. ಒಣಗಿದ್ರೆ ನಲವತ್ತು ವರ್ಷ ಹಾಗೇ ಇರುತ್ತೆ." ಅವನು ಚಾಕುವಿನಿಂದ ಒಂದೇ ಎಳೆತಕ್ಕೆ ಅವಳ ಗುರುತನ್ನು ಅಳಿಸಿದ. ಆಮೇಲೆ ಅವಳ ಮುಖ ನೋಡಿ ಕೇಳಿದ: "ನೀವೂ ನಮ್ಮವರೇ ಅಲ್ವಾ? ಯಾವೂರು?"

ಆ ದೇಶದಲ್ಲಿ ಬೇರೆ ಯಾರಾದರೂ ಹಾಗೆ ಕೇಳಿದ್ದರೆ ಫೀನಾ ರೇಗುತ್ತಿದ್ದಳು. ಆದರೆ ಡಚ್ಚರು ಒಮ್ಮೆ ಆಳಿದ ದೂರದ ಪೂರ್ವದ ಮಲುಕು ದ್ವೀಪದವರು ತಮ್ಮತಮ್ಮಲ್ಲೇ ಯಾವೂರು ಎಂದು ಕೇಳುವ ರೀತಿಯೇ ಬೇರೆ. ಇಬ್ಬರ ಅಜ್ಜಂದಿರೂ ಆ ದ್ವೀಪಗಳ ಸಿಪಾಯಿಗಳು, ಡಚ್ಚರ ಪರವಾಗಿ ಬಂದೂಕು ಹಿಡಿದವರು. ಡಚ್ಚರು ಅಲ್ಲಿಂದ ಗಂಟುಮೂಟೆ ಕಟ್ಟಿದಾಗ 'ಆರು ತಿಂಗಳ ಮಟ್ಟಿಗೆ' ಎಂದು ಇವರನ್ನು ಹೆಂಡತಿ ಮಕ್ಕಳ ಸಮೇತ ಹಡಗು ಹತ್ತಿಸಿ ಕರೆತಂದರು, ಬ್ಯಾರಕ್ಕುಗಳಲ್ಲಿ ಇಳಿಸಿದರು, ಅಲ್ಲಿಗೆ ಮರೆತರು. ಆರು ತಿಂಗಳು ಇನ್ನೂ ಮುಗಿದಿಲ್ಲ. ಅದು ಅರವತ್ತೊಂದನೇ ವರ್ಷ. ಊರು ಅಂದರೆ ಇವತ್ತಿಗೂ ಕಣ್ಣಿಂದ ಕಾಣದ ಆ ದ್ವೀಪದ ಹಳ್ಳಿಯೇ.

"ಹುಲಾಪುತಿ," ಅಂದಳು. "ನಿಮ್ಮದು?"

"ನಾಮಕೋಲಿ."

"ನೋಡಿದ್ದೀರಾ?"

"ಇಲ್ಲ. ನೀವು?"

"ನಾನೂ ಇಲ್ಲ."

ಇಬ್ಬರೂ ನಕ್ಕರು. ಅವನ ಹೆಸರು ಮೆಲ್ಕಿ.

ಮುಂದಿನ ಶನಿವಾರ ಅವನು ಪುಟ್ಟಿ ಒಣಗಿದೆಯೋ ಇಲ್ಲವೋ ನೋಡಲು ಬಂದ. ಅದರ ಮುಂದಿನ ವಾರವೂ ಬಂದ. ಜಗತ್ತಿನ ಯಾವ ಪುಟ್ಟಿಯೂ ಒಣಗಲು ಅಷ್ಟು ವಾರ ತೆಗೆದುಕೊಳ್ಳುವುದಿಲ್ಲ ಎಂದು ನಿವೃತ್ತರಿಗೂ ಗೊತ್ತಿತ್ತು. ಅವನ ಜಾಗವನ್ನು ಯಾರೂ ಮುಟ್ಟುತ್ತಿರಲಿಲ್ಲ.

ಒಂದು ವಾರ ಅನುಕರಣೆಯ ಪಾಠ. ಆಳುವವನು ತನ್ನ ಹಾಗೆ ಆಗು ಅನ್ನುತ್ತಾನೆ, ಆದರೆ ಪೂರ್ತಿ ಆಗಲು ಬಿಡುವುದಿಲ್ಲ ಎಂದು ಫೀನಾ ವಿವರಿಸಿದಳು. ಪಾಠ ಮುಗಿದು ಕಾಲುವೆಯ ದಂಡೆಯಲ್ಲಿ ನಡೆಯುವಾಗ ಮೆಲ್ಕಿ ಹೇಳಿದ: "ನಾನು ಹುಟ್ಟಿದ್ದು ಇಲ್ಲೇ, ಅಸನ್‌ನಲ್ಲಿ. ಆದ್ರೂ ವಾರಕ್ಕೊಬ್ಬರು, ಎಷ್ಟು ಚೆನ್ನಾಗಿ ಡಚ್ ಮಾತಾಡ್ತೀರಿ ಅಂತಾರೆ. ಇದಕ್ಕೂ ನಿಮ್ಮಲ್ಲಿ ಹೆಸರಿದೆ ಅನ್ನಿ."

"ಇದೆ."

"ಹಲ್ಲುನೋವಿಗೂ ಹೆಸರಿದೆ. ಹೆಸರು ಹೇಳಿದ್ರೆ ನೋವು ಹೋಗುತ್ತಾ?"

"ಹೋಗಲ್ಲ. ಡಾಕ್ಟರ ಹತ್ರ ಎಲ್ಲಿ ನೋವು ಅಂತ ತೋರಿಸೋಕಾಗುತ್ತೆ."

ಅವನು ನಡೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ. "ಹಾಗಾದ್ರೆ ನನಗೆ ಇಲ್ಲಿ ನೋವು," ಎಂದು ಎದೆಯ ಎಡಕ್ಕೆ ಬೆರಳಿಟ್ಟ.

"ಅದು ಅಜೀರ್ಣ," ಅಂದಳು ಫೀನಾ. ಆದರೆ ಮನೆಗೆ ಹೋಗುವವರೆಗೂ ಆ ಬೆರಳು ಅವಳ ಕಣ್ಣ ಮುಂದೆಯೇ ಇತ್ತು.

ಇನ್ನೊಂದು ವಾರ ನಡುವಿನ ಜಾಗದ ಪಾಠ. ಅಲ್ಲಿಯವರೂ ಅಲ್ಲದ, ಇಲ್ಲಿಯವರೂ ಆಗದ ಜನ ಎರಡರ ನಡುವೆ ತಮ್ಮದೇ ಒಂದು ಬದುಕು ಕಟ್ಟಿಕೊಳ್ಳುತ್ತಾರೆ ಎಂದು ಹೇಳುತ್ತಿದ್ದಳು. ಹಿಂದಿನ ಬೆಂಚಿನಿಂದ ಕೈ ಮೇಲೆದ್ದಿತು.

"ಎರಡು ಗಾಜು ಒಂದಕ್ಕೊಂದು ಅಂಟಿಸಿದ್ರೆ ಚಳಿ ತಡೆಯಲ್ಲ ಮೇಡಂ. ನಡುವೆ ಬೆರಳಗಲ ಗಾಳಿ ಬಿಡಬೇಕು. ಮನೆ ಬೆಚ್ಚಗಿರೋದು ಅದರಿಂದಲೇ."

ನಿವೃತ್ತರೊಬ್ಬರು ಅದನ್ನು ಬರೆದುಕೊಂಡರು. ಫೀನಾ ಬರೆದುಕೊಳ್ಳಲಿಲ್ಲ, ಆದರೆ ಆ ವಾರದಿಂದ ಅವನನ್ನು 'ನೀನು' ಅನ್ನತೊಡಗಿದಳು.

ಅವಳು ಬಾಡಿಗೆಗಿದ್ದ ಅಟ್ಟದ ಕೋಣೆಯ ಕಿಟಕಿಯಲ್ಲೂ ಒಂದು ಸೀಳು ಇತ್ತು. ಅದರಿಂದ ಗಾಳಿ ಸೊಯ್ಯನೆ ಒಳಗೆ ಬರುತ್ತಿತ್ತು. ಮೆಲ್ಕಿ ಬಂದು ನೋಡಿ, ಅರ್ಧ ಗಂಟೆಯ ಕೆಲಸ ಅಂದ.

"ಈ ವಾರ ಬೇಡ," ಅಂದಳು ಫೀನಾ.

"ಮುಂದಿನ ವಾರ?"

"ನೋಡೋಣ."

"ಸರಿ ಮಾಡಿಬಿಟ್ರೆ ನಾನು ಬರೋಕೆ ಕಾರಣ ಇರಲ್ಲ ಅಂತ ತಾನೆ?"

"ನಿನಗೆ ಸ್ವಲ್ಪನಾದ್ರೂ ನಾಚಿಕೆ ಇದೆಯಾ?"

"ಇತ್ತು. ಈ ಸೀಳಿನಿಂದ ಹೊರಗೆ ಹೋಯ್ತು."

ಹೀಗೆ ಆ ಗಾಜು ಚಳಿಗಾಲ ಪೂರ್ತಿ ಸೀಳಿಕೊಂಡೇ ಇತ್ತು. ಇಬ್ಬರೂ ಒಂದೇ ಕಂಬಳಿ ಹೊದ್ದು ಚಹಾ ಕುಡಿದರು. ಅವನ ಕೈಬೆರಳುಗಳ ಮೇಲೆ ಗಾಜು ಕೊಯ್ದ ಸಣ್ಣ ಬಿಳಿ ಗೆರೆಗಳಿದ್ದವು. ಒಂದೊಂದನ್ನೂ ಮುಟ್ಟಿ, ಇದು ಯಾವ ಕಿಟಕಿ, ಇದು ಯಾವ ಕಿಟಕಿ ಎಂದು ಅವಳು ಕೇಳುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷದ ಬದುಕಿನಲ್ಲಿ ಅವಳು ಅಷ್ಟು ಸುಖವಾಗಿ ಯಾವತ್ತೂ ಇರಲಿಲ್ಲ.

ಕ್ಯುಲೆಂಬೋರ್ಗ್‌ನ ಮಲುಕು ಬೀದಿಯಲ್ಲಿ ಫೀನಾಳ ಓಮಾ ಇದ್ದಳು. ಎಂಬತ್ತನಾಲ್ಕು ವರ್ಷದ ಅಜ್ಜಿ. ತಾಯಿ ತೀರಿಕೊಂಡ ಮೇಲೆ ಫೀನಾಳನ್ನು ಸಾಕಿದವಳು. ಮೆಲ್ಕಿಯ ವಿಷಯ ತಿಳಿದಾಗ ಓಮಾ ಅವನ ಕೆಲಸ ಕೇಳಲಿಲ್ಲ, ರೂಪ ಕೇಳಲಿಲ್ಲ.

"ಯಾವೂರು?"

"ನಾಮಕೋಲಿ."

ಓಮಾ ಕಣ್ಣು ಮುಚ್ಚಿ ಲೆಕ್ಕ ಹಾಕಿದಳು. "ನಾಮಕೋಲಿಯವರ ಜೊತೆ ನಮಗೆ ಪೇಲಾ ಇಲ್ಲ. ಸರಿ, ಬರಲಿ."

ಪೇಲಾ ಅಂದರೆ ಊರೂರುಗಳ ನಡುವಿನ ಆಣೆ. ನೂರಾರು ವರ್ಷದ ಹಿಂದೆ ಎರಡು ಊರಿನ ಹಿರಿಯರು ಬೆರಳು ಕುಯ್ದು ಒಂದೇ ಬಟ್ಟಲಲ್ಲಿ ರಕ್ತ ಬೆರೆಸಿ ಕುಡಿದರೆ, ಅಲ್ಲಿಂದ ಮುಂದೆ ಎರಡೂ ಊರಿನವರು ಒಡಹುಟ್ಟಿದವರು. ಅವರು ಕೇಳಿದ್ದನ್ನು ಇವರು ಇಲ್ಲ ಅನ್ನುವ ಹಾಗಿಲ್ಲ. ಇವರ ತೋಟದ ಹಣ್ಣನ್ನು ಅವರು ಕೇಳದೆ ಕೀಳಬಹುದು. ಕಷ್ಟಕ್ಕೆ ಓಡಿ ಬರಬೇಕು. ಮತ್ತು ಅವರ ಹುಡುಗ ಇವರ ಹುಡುಗಿಯನ್ನು 'ಉಸಿ' ಅಂತಲೇ ಕರೆಯಬೇಕು, ಅಂದರೆ ತಂಗಿ. ಇವಳು ಅವನನ್ನು 'ಬುಂಗ್' ಅನ್ನಬೇಕು, ಅಂದರೆ ಅಣ್ಣ. ಮದುವೆಯ ಮಾತೇ ಇಲ್ಲ. ಹಡಗು ಹತ್ತಿದಾಗ ಈ ಜನ ಬಿಟ್ಟು ಬಂದದ್ದು ಬಹಳ, ಬಿಡದೆ ತಂದದ್ದು ಇದೊಂದು.

ಹುಲಾಪುತಿಯ ಪೇಲಾ ಇದ್ದದ್ದು ಪಕ್ಕದ ದ್ವೀಪದ ಬೆಟ್ಟದ ಮೇಲಿನ ಲತುವೇನ್ ಎಂಬ ಚಿಕ್ಕ ಊರಿನ ಜೊತೆ. ಆ ಊರಿನವರು ಒಬ್ಬರೂ ಈ ದೇಶಕ್ಕೆ ಬಂದಿರಲಿಲ್ಲ ಎಂದೇ ಎಲ್ಲರೂ ತಿಳಿದಿದ್ದರು.

ಮೆಲ್ಕಿಯ ತಂದೆ ಬಂದು ಶಾಸ್ತ್ರೋಕ್ತವಾಗಿ ಹೆಣ್ಣು ಕೇಳುವ ದಿನ ಗೊತ್ತಾಯಿತು. ಏಪ್ರಿಲ್ ಕೊನೆಯ ಭಾನುವಾರ, ಚರ್ಚಿನ ನಂತರ.

ಅವನಿಗೆ ಏನಾದರೂ ಕೊಡಬೇಕೆಂದು ಫೀನಾಗೆ ಆಸೆಯಾದದ್ದೇ ತಪ್ಪಾಯಿತು. ಬೇರೆ ಹುಡುಗಿಯಾಗಿದ್ದರೆ ಗಡಿಯಾರ ಕೊಡುತ್ತಿದ್ದಳು, ಅಂಗಿ ಕೊಡುತ್ತಿದ್ದಳು. ಇವಳು ದಾಖಲೆಗಳ ಹುಳು. ಮೆಲ್ಕಿಯ ಓಪಾನ ಬಗ್ಗೆ ಆ ಮನೆಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಬಂದ ಐದೇ ವರ್ಷಕ್ಕೆ, ಮಗನಿಗೆ ಇನ್ನೂ ಐದು ತುಂಬುವ ಮೊದಲೇ, ಶ್ವಾಸಕೋಶದ ಕಾಯಿಲೆಯಿಂದ ಬ್ಯಾರಕ್ಕಿನಲ್ಲೇ ತೀರಿಕೊಂಡಿದ್ದರು. ಹೇಗ್ ನಗರದ ದಾಖಲೆ ಸಂಗ್ರಹಕ್ಕೆ ಬರೆದು, ಅವರು ಸೈನ್ಯಕ್ಕೆ ಸೇರಿದ ದಿನದ ರಿಜಿಸ್ಟರಿನ ಪುಟದ ಪ್ರತಿ ತರಿಸಿದಳು. ಚೌಕಟ್ಟು ಹಾಕಿಸಿ, ಗಾಜನ್ನು ಅವನ ಕೈಯಿಂದಲೇ ಕೂರಿಸಬೇಕು ಎಂದು ಅಂದುಕೊಂಡಿದ್ದಳು.

ಲಕೋಟೆ ಬಂದದ್ದು ಆ ಭಾನುವಾರಕ್ಕೆ ಮೂರು ವಾರ ಮುಂಚೆ. ಹೆಸರು ಸರಿಯಾಗಿತ್ತು. ಎತ್ತರ, ಎದೆಯ ಅಳತೆ, ಎಡಹುಬ್ಬಿನ ಮೇಲೆ ಮಚ್ಚೆ. ಕೆಳಗೆ ದಪ್ಪ ಶಾಯಿಯ ಹೆಬ್ಬೆಟ್ಟು. ಹುಟ್ಟಿದ ಊರು: ಲತುವೇನ್.

ಅವಳು ಮತ್ತೆ ಓದಿದಳು. ಅಕ್ಷರ ಬದಲಾಗಲಿಲ್ಲ.

ಮರುದಿನವೇ ರೈಲು ಹತ್ತಿ ಹೇಗ್‌ಗೆ ಹೋಗಿ, ಹಡಗಿನಿಂದ ಇಳಿದ ದಿನದ ಕಾರ್ಡುಗಳ ಪೆಟ್ಟಿಗೆ ತೆಗೆಸಿದಳು. ಅದೇ ಹೆಸರು, ಅದೇ ಮಚ್ಚೆ. ಊರು: ನಾಮಕೋಲಿ. ಮೂಲೆಯಲ್ಲಿ ಗುಮಾಸ್ತನ ಸಣ್ಣ ಬರಹ: 'ಜ್ವರದಿಂದ ಮಲಗಿದ್ದಾನೆ. ವಿವರ ಕೊಟ್ಟವನು ಜೊತೆಯ ಸಿಪಾಯಿ.' ಜೊತೆಯ ಸಿಪಾಯಿ ತನ್ನ ಊರನ್ನೇ ಹೇಳಿದ್ದ. ಕಾರ್ಡಿನಲ್ಲಿ ಯಾವ ಊರಿತ್ತೋ ಆ ಊರಿನವರ ಬ್ಯಾರಕ್ಕಿಗೆ ಹಾಕಿದರು. ಜ್ವರ ಇಳಿದ ಮೇಲೆ ಆ ಮನುಷ್ಯ ತನ್ನವರಲ್ಲದವರ ನಡುವೆ ಎದ್ದು ಕುಳಿತಿರಬೇಕು. ಕಾಗದ ತಪ್ಪು ಎಂದು ಸಾಹೇಬರಿಗೆ ಹೇಳುವ ಧೈರ್ಯ ಯಾವ ಸಿಪಾಯಿಗಿತ್ತು? ಹೇಗೂ ಆರು ತಿಂಗಳ ಮಾತು ತಾನೆ, ಅಂದುಕೊಂಡಿರಬಹುದು.

'ದಾಖಲೆಯನ್ನು ನಂಬುವ ಮೊದಲು ಅದನ್ನು ಬರೆದವನು ಯಾರು ಎಂದು ಕೇಳಿ.' ಇದು ಫೀನಾ ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುವ ಮಾತು. ಈಗ ಅದನ್ನು ತನಗೇ ಹೇಳಿಕೊಂಡಳು. ಎರಡೂ ಕಾಗದ ಬರೆದದ್ದು ಆಳುವವರ ಗುಮಾಸ್ತರೇ. ಒಂದು ತಪ್ಪಿದ್ದರೆ ಇನ್ನೊಂದೂ ತಪ್ಪಿರಬಹುದಲ್ಲ? ಸೈನ್ಯಕ್ಕೆ ಸೇರಿಸಿಕೊಂಡವನು ನಿದ್ದೆಗಣ್ಣಿನಲ್ಲಿ ಬರೆದಿರಬಹುದಲ್ಲ? ಅನುಮಾನವನ್ನು ಅವಳು ಯಾವತ್ತೂ ಅಷ್ಟು ಪ್ರೀತಿಯಿಂದ ಅಪ್ಪಿಕೊಂಡಿರಲಿಲ್ಲ. ಪುಟವನ್ನು ಬೀರುವಿನಲ್ಲಿ ಉಣ್ಣೆ ಬಟ್ಟೆಗಳ ಅಡಿಗೆ ತಳ್ಳಿದಳು.

ಆದರೂ ಓಮಾಳ ಅಡುಗೆಮನೆಯಲ್ಲಿ ಬಾಳೆಹಣ್ಣು ಸುಲಿಯುತ್ತ ಬಾಯಿ ತಡೆಯಲಿಲ್ಲ. "ಓಮಾ, ಲತುವೇನ್‌ನವರು ನಿಜವಾಗ್ಲೂ ಯಾರೂ ಬರಲಿಲ್ವಾ?"

"ಯಾರೂ ಇಲ್ಲ ಮಗಳೇ. ಆ ಊರಿನವರ ಮುಖ ನೋಡಿ ಅರವತ್ತೊಂದು ವರ್ಷ ಆಯ್ತು." ಓಮಾ ಒದ್ದೆ ಕೈಯನ್ನು ಸೆರಗಿನಂತೆ ಹೊದ್ದಿದ್ದ ಬಟ್ಟೆಗೆ ಒರೆಸಿಕೊಂಡಳು. "ಸಾಯೋದ್ರೊಳಗೆ ಒಬ್ಬರು ಸಿಕ್ಕಿದ್ರೂ ಸಾಕಿತ್ತು. ಕೈ ಹಿಡ್ಕೊಂಡು ಅತ್ತುಬಿಡ್ತಿದ್ದೆ. ಯಾಕೆ ಕೇಳ್ದೆ?"

"ಸುಮ್ನೆ. ಪಾಠಕ್ಕೆ."

ಅವತ್ತು ರಾತ್ರಿ ಮೆಲ್ಕಿ ಫೋನ್ ಮಾಡಿ ತನ್ನ ಪಾಪಾ ಹೊಸ ಸೂಟು ಹೊಲಿಸಿಕೊಂಡಿದ್ದಾರೆ, ತೋಳು ಸರಿಯಾದ ಅಳತೆಗೆ ಇದೆ, ದಿನಕ್ಕೆ ಮೂರು ಸಲ ಹಾಕಿ ನೋಡುತ್ತಾರೆ ಎಂದು ನಗುತ್ತ ಹೇಳಿದ. ಅವಳೂ ನಕ್ಕಳು. ಮೂರು ವಾರ ಹಾಗೆಯೇ ನಕ್ಕಳು.

ಆ ಭಾನುವಾರ ಬಿಸಿಲಿತ್ತು. ಓಮಾ ಅರಿಶಿನ ಹಾಕಿದ ಅನ್ನ ಮಾಡಿ, ಬಾಳೆಹಣ್ಣಿನ ಬಜ್ಜಿ ಕರಿದಿದ್ದಳು. ಮೆಲ್ಕಿಯ ತಂದೆ ಯುಸ್ತುಸ್ ಹೊಸ ಸೂಟಿನಲ್ಲಿ ಬಾಗಿಲಲ್ಲಿ ನಿಂತರು. ಹಾಲಿನ ಫ್ಯಾಕ್ಟರಿಯಲ್ಲಿ ನಲವತ್ತು ವರ್ಷ ದುಡಿದ, ನಾಲ್ಕು ಮಾತಿಗಿಂತ ಹೆಚ್ಚು ಆಡದ ಮನುಷ್ಯ. ಹಿಂದೆ ಮೆಲ್ಕಿ. ಅವನು ಫೀನಾಳ ಕಡೆ ನೋಡಿ ಒಂದು ಹುಬ್ಬು ಎತ್ತಿದ: ಹೇಗಿದ್ದೇನೆ? ಅವಳು ಮೂಗು ಮುರಿದು ತೋರಿಸಿದಳು: ಪರವಾಗಿಲ್ಲ. ಅವರಿಬ್ಬರ ಕೊನೆಯ ತಮಾಷೆ ಅದು.

ಓಮಾ ಹೊಸ್ತಿಲ ಒಳಗಿನಿಂದಲೇ ಪದ್ಧತಿಯ ಪ್ರಕಾರ ಕೇಳಿದಳು. "ನನ್ನ ಬಾಗಿಲಿಗೆ ಬಂದವರು ಯಾವೂರಿನವರು?"

"ನಾಮಕೋಲಿಯವರು," ಅಂದರು ಯುಸ್ತುಸ್. ಆಮೇಲೆ, ಕಲಿತುಕೊಂಡು ಬಂದದ್ದನ್ನು ಮರೆತವರ ಹಾಗೆ ತಡವರಿಸಿದರು. "ಊರಿನ ಬಗ್ಗೆ ನನಗೆ ಹೆಚ್ಚೇನೂ ಗೊತ್ತಿಲ್ಲಮ್ಮ. ಅಮ್ಮ ನನ್ನ ಹೆತ್ತಾಗಲೇ ಹೋದ್ಲು, ಅಪ್ಪ ಹೋದಾಗ ನಾನು ಸಣ್ಣವನು. ಅವರ ಕೋಟೂ ಹರಿದುಹೋಯ್ತು. ಉಳಿದಿರೋದು ಒಂದೇ. ನನ್ನ ಮಲಗಿಸೋವಾಗ ಒಂದು ಹಾಡು ಹೇಳ್ತಿದ್ರು. ಅರ್ಥ ಗೊತ್ತಿಲ್ಲ. ಈಗ ಉಳಿದಿರೋ ನಾಮಕೋಲಿಯ ಹಿರಿಯರನ್ನ ಕೇಳಿದೆ, ಅವರಿಗೂ ಗೊತ್ತಿಲ್ಲ ಅಂದ್ರು. ಬರಿಗೈಲಿ ಬರಬಾರದು ಅಂತ ಅದನ್ನೇ ತಂದಿದ್ದೀನಿ."

ಕೈ ಎರಡನ್ನೂ ಪ್ಯಾಂಟಿನ ಪಕ್ಕಕ್ಕೆ ಒತ್ತಿಕೊಂಡು, ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ ನಿಂತು ಹಾಡಿದರು. ಮೊದಲ ಸಾಲು. ಫೀನಾಗೂ ಅರ್ಥವಾಗದ ಬೆಟ್ಟದ ಭಾಷೆ.

ಓಮಾಳ ಕೈಯಲ್ಲಿ ಬಜ್ಜಿಯ ತಟ್ಟೆಯಿತ್ತು. ಅವಳು ಅದನ್ನು ಪಕ್ಕದ ಮೇಜಿನ ಮೇಲಿಟ್ಟಳು. ಆಗ ಆ ಮುದಿ ಗಂಟಲಿನಿಂದ ಹಾಡಿನ ಎರಡನೇ ಸಾಲು ಬಂತು.

ಯುಸ್ತುಸ್ ಬೆಚ್ಚಿ ಮೂರನೇ ಸಾಲು ಹಾಡಿದರು. ಓಮಾ ನಾಲ್ಕನೆಯದನ್ನು ಹಾಡುತ್ತ ಹೊಸ್ತಿಲು ದಾಟಿ ಬಂದು ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ದೋಣಿ ಬಂತು ತಂಗಿ, ದೀಪ ತಾ ಅಂತ ಅವರು ಹಾಡೋದು. ದೀಪ ಹಚ್ಚಿದೆ ಅಣ್ಣ, ಒಳಗೆ ಬಾ ಅಂತ ನಾವು ಹಾಡೋದು. ಲತುವೇನ್‌ನವರು ನಮ್ಮ ದಡಕ್ಕೆ ಬಂದಾಗ ಮಾತ್ರ. ನಾನು ಹುಡುಗಿಯಾಗಿದ್ದಾಗ ದಡದಲ್ಲಿ ನಿಂತು ಹಾಡಿದ್ದೀನಿ." ಅವಳು ಬಿಕ್ಕಳಿಸುತ್ತಿದ್ದಳು, ನಗುತ್ತಿದ್ದಳು. "ನೀನು ನಾಮಕೋಲಿಯವನಲ್ಲ ಕಣೋ. ನೀನು ನಮ್ಮವನು. ಅರವತ್ತೊಂದು ವರ್ಷ ಎಲ್ಲಿ ಹೋಗಿದ್ಯೋ?"

ಆ ನಾಲ್ಕು ಮಾತಿನ ಮನುಷ್ಯ ಮಗುವಿನಂತೆ ಅತ್ತರು. "ನಂದೂ ಒಂದು ಊರಿದೆಯಾ?" ಎಂದು ಕೇಳಿದರು. "ಇದೆ, ಇದೆ," ಎಂದು ಓಮಾ ಅವರ ತಲೆ ಸವರಿದಳು. ಅದೆಷ್ಟೋ ಹೊತ್ತಿನ ಮೇಲೆ ಅವಳ ಕೈ ನಿಂತಿತು. ಅವಳು ನಿಧಾನವಾಗಿ ತಿರುಗಿ ಫೀನಾಳನ್ನು ನೋಡಿದಳು, ಮೆಲ್ಕಿಯನ್ನು ನೋಡಿದಳು. "ಅಯ್ಯೋ ಮಕ್ಕಳಾ," ಅಂದಳು.

ಮೆಲ್ಕಿ ಮಾತ್ರ ಫೀನಾಳನ್ನೇ ನೋಡುತ್ತಿದ್ದ. ಆ ಮನೆಯಲ್ಲಿ ಎಲ್ಲರ ಮುಖದಲ್ಲೂ ಅಚ್ಚರಿಯಿತ್ತು. ಅವಳ ಮುಖದಲ್ಲಿರಲಿಲ್ಲ.

ಮನೆಯ ಹಿಂದೆ ನದಿಯ ಏರಿ. ಅಲ್ಲಿಗೆ ಬಂದು ಇಬ್ಬರೂ ನಿಂತರು, ನಡುವೆ ಒಂದು ಮಾರು ಜಾಗ ಬಿಟ್ಟು.

"ಯಾವಾಗಿಂದ ಗೊತ್ತು?"

"ಮೂರು ವಾರ."

"ಹೇಗೆ?"

ಅವಳು ಹೇಳಿದಳು. ಲಕೋಟೆ, ಕಾರ್ಡು, ಜ್ವರ, ಬೀರು. ಒಂದನ್ನೂ ಮುಚ್ಚಿಡಲಿಲ್ಲ. "ನಿಮ್ಮ ಪಾಪಾನ ಊರು ನನ್ನ ಬೀರುವಿನಲ್ಲಿತ್ತು ಮೆಲ್ಕಿ. ಓಮಾ ಸಾಯೋದ್ರೊಳಗೆ ಒಬ್ಬರನ್ನ ನೋಡಬೇಕು ಅಂತ ನನ್ನೆದುರೇ ಅಂದ್ಲು. ಆದ್ರೂ ತೆಗೀಲಿಲ್ಲ. ಆ ಗುಮಾಸ್ತನಿಗೆ ಗೊತ್ತಿರಲಿಲ್ಲ, ತಪ್ಪು ಬರೆದ. ನಾನು ಗೊತ್ತಿದ್ದೂ ಬಚ್ಚಿಟ್ಟೆ. ಕೆಳಗಿನವರ ದನಿ ಕೇಳಿಸ್ಕೊಳ್ಳಿ ಅಂತ ಊರಿಗೆಲ್ಲ ಪಾಠ ಹೇಳೋಳು ನಾನು."

"ಹೌದು, ತಪ್ಪು ಮಾಡಿದೆ," ಅಂದ ಮೆಲ್ಕಿ. ಅವಳನ್ನು ಸಮಾಧಾನ ಮಾಡಲು ಅವನು ಸುಳ್ಳು ಹೇಳಲಿಲ್ಲ. ಆಮೇಲೆ ಅಂದ: "ಲಕೋಟೆ ನನಗೆ ಬಂದಿದ್ರೆ ನಾನು ಸುಟ್ಟೇಬಿಡ್ತಿದ್ದೆ."

ಅದನ್ನು ಕೇಳಿ ಅವಳಿಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಬಾ, ಹೋಗೋಣ! ಯಾವನೋ ಯಾವಾಗಲೋ ರಕ್ತ ಕುಡಿದ ಅಂತ ನಾವ್ಯಾಕೆ ಸಾಯಬೇಕು? ನಾವಿಬ್ಬರೂ ಆ ಊರು ಕಣ್ಣಲ್ಲೂ ನೋಡಿಲ್ಲ. ಕಾನೂನು ತಡೆಯಲ್ಲ. ಆಮ್‌ಸ್ಟರ್‌ಡ್ಯಾಂನಲ್ಲಿ ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ."

"ಮತ್ತೆ?"

"ಅಲ್ಲಿ ನೋಡು."

ಹಿತ್ತಲ ಕಿಟಕಿಯಿಂದ ಅಡುಗೆಮನೆ ಕಾಣುತ್ತಿತ್ತು. ಓಮಾ ತನ್ನ ತಟ್ಟೆಯಿಂದಲೇ ಯುಸ್ತುಸ್‌ಗೆ ತುತ್ತು ಕೊಡುತ್ತಿದ್ದಳು. ಅವರು ಹೊಸ ಸೂಟಿನ ಮೇಲೆ ಅನ್ನದ ಅಗುಳು ಬೀಳಿಸಿಕೊಂಡು, ಒಂದೇ ಸಮನೆ ಮಾತಾಡುತ್ತಿದ್ದರು. ಅವರು ಅಷ್ಟು ಮಾತಾಡುವುದನ್ನು ಮೆಲ್ಕಿಯೂ ಮೊದಲ ಸಲ ನೋಡಿದ್ದು.

"ನಾನು ನಿನ್ನ ಕೈ ಹಿಡಿದ್ರೆ ನಾಳೆ ಓಮಾ ಆ ಬಾಗಿಲು ಹಾಕಬೇಕಾಗುತ್ತೆ. ಬೇರೆ ದಾರಿಯಿಲ್ಲ ಅವಳಿಗೆ. ಪಾಪಾಗೆ ಮತ್ತೆ ಆ ಕಾರ್ಡೇ ಗತಿ." ಅವನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಅವರ ಊರು ಅವರಿಗೆ ಸಿಕ್ಕಿ ಇನ್ನೂ ಒಂದು ಗಂಟೆ ಆಗಿಲ್ಲ ಫೀನಾ. ನನ್ನ ಕೈಯಾರೆ ಹ್ಯಾಗೆ ಕಿತ್ಕೊಳ್ಳಲಿ?"

ಅವಳಿಗೆ ಸಿಟ್ಟು ಬಂತು. ಅವನ ಮೇಲೆ, ಓಮಾಳ ಮೇಲೆ, ಜ್ವರ ಬಂದ ಆ ಸಿಪಾಯಿಯ ಮೇಲೆ. ನಾಲ್ಕು ವರ್ಷ ಪಾಠ ಹೇಳಿದ್ದರಲ್ಲಿ ಈ ಸಂಕಟಕ್ಕೆ ಒಂದು ಹೆಸರಾದರೂ ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಕಿಟಕಿಯ ಒಳಗೆ ಓಮಾ ನಗುತ್ತಿದ್ದಳು. ಫೀನಾ ಏರಿಯ ಹುಲ್ಲಿನ ಮೇಲೆ ಕುಳಿತು ಜೋರಾಗಿ ಅತ್ತಳು. ಮೆಲ್ಕಿ ಅವಳ ತಲೆ ಮುಟ್ಟಲು ಕೈ ಚಾಚಿದ. ಯಾವ ಸಲುಗೆಯಿಂದ ಮುಟ್ಟುವುದೆಂದು ತಿಳಿಯದೆ ಹಿಂದಕ್ಕೆ ತೆಗೆದುಕೊಂಡ.

ಮುಂದಿನ ಶನಿವಾರ ಅವನು ಪಾಠಕ್ಕೆ ಬರಲಿಲ್ಲ. ಮಧ್ಯಾಹ್ನ ಮೂರಕ್ಕೆ ಅವಳ ಅಟ್ಟದ ಕೋಣೆಯ ಬಾಗಿಲು ತಟ್ಟಿದ. ಬಗಲಲ್ಲಿ ಕಂಬಳಿ ಸುತ್ತಿದ ಗಾಜು.

"ಒಂದು ಕೇಳ್ತೀನಿ. ಪೇಲಾದವರು ಕೇಳಿದ್ದನ್ನ ಇಲ್ಲ ಅನ್ನೋ ಹಾಗಿಲ್ಲ ನೀನು."

"ಕೇಳು."

"ಈ ಕಿಟಕಿ ಸರಿ ಮಾಡೋಕೆ ಬಿಡು."

ಅವಳು ಪಕ್ಕಕ್ಕೆ ಸರಿದಳು. ಅವನು ಹಳೆಯ ಪುಟ್ಟಿ ಕೆರೆದು ತೆಗೆದ. ಸೀಳಿದ ಗಾಜು ಎರಡು ತುಂಡಾಗಿ ಅವನ ಕೈಗೆ ಬಂತು. ಹೊಸದನ್ನು ಕೂರಿಸಿ, ಸಣ್ಣ ಮೊಳೆ ಬಡಿದು, ಪುಟ್ಟಿಯನ್ನು ಕೈಯಲ್ಲಿ ನಾದಿ ಮೆತ್ತಿದ. ಅವಳು ಬೀರುವಿನಿಂದ ಓಪಾನ ಪುಟ ತೆಗೆದು ಮೇಜಿನ ಮೇಲಿಟ್ಟಳು. ಅವನು ಕೈ ಒರೆಸಿಕೊಂಡು ಬಂದು ಬಹಳ ಹೊತ್ತು ಆ ಕಪ್ಪು ಹೆಬ್ಬೆಟ್ಟನ್ನು ನೋಡಿದ. ತನ್ನ ಹೆಬ್ಬೆರಳನ್ನು ಅದರ ಪಕ್ಕದಲ್ಲಿಟ್ಟು ಅಳತೆ ನೋಡಿದ.

"ಪಾಪಾಗೆ ಕೊಡ್ತೀನಿ," ಅಂದ. "ಜುಲೈನಲ್ಲಿ ಓಮಾನ ಕರ್ಕೊಂಡು ಊರಿಗೆ ಹೋಗ್ತಾರಂತೆ. ಇಬ್ಬರೂ ಈಗಲೇ ಪೆಟ್ಟಿಗೆ ಕಟ್ತಿದ್ದಾರೆ."

"ನೀನು?"

"ನಾನು ಹೋಗಲ್ಲ. ಅಲ್ಲಿ ಎಲ್ಲರೂ ನಿನ್ನ ತಂಗಿ ಹ್ಯಾಗಿದ್ದಾಳೆ ಅಂತ ಕೇಳ್ತಾರೆ. ಇನ್ನೂ ಆಗಲ್ಲ ನನ್ನ ಕೈಲಿ."

ಅವನು ಚಾಕು ತೆಗೆದುಕೊಂಡು ಪುಟ್ಟಿಯ ಮೂರು ಬದಿ ನುಣುಪು ಮಾಡಿದ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಫೀನಾ ಮುಂದೆ ಬಂದು, ಕೆಳಮೂಲೆಯಲ್ಲಿ ತನ್ನ ಹೆಬ್ಬೆರಳನ್ನು ಒತ್ತಿದಳು. ಮೆತ್ತಗೆ ಅಲ್ಲ, ಪೂರ್ತಿ ಒತ್ತಿದಳು. ಅವನ ಚಾಕು ಅಳಿಸಲು ಅಲ್ಲಿಯವರೆಗೂ ಬಂತು. ಒಂದು ಕ್ಷಣ ಅಲ್ಲೇ ಇತ್ತು. ಆಮೇಲೆ ಅವನು ಅದನ್ನು ಒರೆಸಿ ಚೀಲಕ್ಕೆ ಹಾಕಿಕೊಂಡ.

ಕಂಬಳಿ ಮಡಚಿದ. ಹಳೆಯ ಗಾಜಿನ ತುಂಡುಗಳನ್ನು ಕಾಗದದಲ್ಲಿ ಸುತ್ತಿಕೊಂಡ. ಬಾಗಿಲ ಹತ್ತಿರ ನಿಂತು, ಅವಳ ಕಡೆ ತಿರುಗಿ, ಆ ಪದವನ್ನು ಬಾಯಿಗೆ ತರಲು ಎರಡು ಸಲ ಪ್ರಯತ್ನಿಸಿದ.

"ಬರ್ತೀನಿ, ಉಸಿ."

"ಹೋಗಿ ಬಾ," ಅಂದಳು ಫೀನಾ. ಅವನು ಕಾಯುತ್ತಿದ್ದ. ಅವನು ಏನಕ್ಕೆ ಕಾಯುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವಳು ಹೇಳದೆ ಅವನು ಆ ಮೆಟ್ಟಿಲು ಇಳಿಯಲಾರ ಎಂದೂ ಗೊತ್ತಿತ್ತು. "ಹೋಗಿ ಬಾ, ಬುಂಗ್."

ಅವನ ಹೆಜ್ಜೆ ಸದ್ದು ಮೂರು ಮಹಡಿ ಇಳಿದು ನಿಂತಿತು. ಕೋಣೆಯೊಳಗೆ ಈಗ ಒಂದು ಎಳೆ ಗಾಳಿಯೂ ಬರುತ್ತಿರಲಿಲ್ಲ. ಆದರೂ ಫೀನಾ ಕೋಟು ಹಾಕಿಕೊಂಡು, ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಪುಟ್ಟಿ ಒಣಗುವುದನ್ನು ಕಾಯುತ್ತ ಕುಳಿತಳು.